ಫಕ್ಕೀರಪ್ಪನ ಮರಿ ಟ್ರ್ಯಾಕ್ಟರಿಗೆ ಹಾಕಿದ ಲಾಕು

ಈಗ ಪಾನಾ ಹಿಡಿದು ಮಷಿನ್ ರಿಪೇರಿಗೆ ಹೊರಟಿರುವ ಹುಡುಗರೇ, ಮೊದಲು ಒಂದು ಮಾತು ಒಪ್ಪಿಕೊಂಡುಬಿಡಿ. ಅಣ್ಣಿಗೇರಿಯಿಂದ ನವಲಗುಂದದ ತನಕ, ನಡುವಿನ ಹಳ್ಳಿಗಳನ್ನೆಲ್ಲ ಸೇರಿಸಿಯೂ, ನನ್ನಂಥ ಮಿಸ್ತ್ರಿ ಇರಲಿಲ್ಲ. ಇದನ್ನು ನಾನೇ ಹೇಳಬೇಕಾಗಿ ಬಂದಿದೆ, ಯಾಕೆಂದರೆ ಹೇಳಬೇಕಾದವರೆಲ್ಲ ಒಬ್ಬೊಬ್ಬರಾಗಿ ಹೋಗಿಬಿಟ್ಟರು. ಇದ್ದಾಗಲೂ ಅವರು ಹೇಳಿದವರಲ್ಲ, ಅದು ಬೇರೆ ಮಾತು.

ಅಣ್ಣಿಗೇರಿ ಊರು ಮುಗಿದು ನವಲಗುಂದದ ರಸ್ತೆ ಹೊಲಗಳ ನಡುವೆ ಇಳಿಯುವ ಕಡೆ ನನ್ನ ತಗಡಿನ ಶೆಡ್ಡು ಇತ್ತು. ಒಂದು ವೆಲ್ಡಿಂಗ್ ಮಷಿನ್, ಹಳೆಯ ಲೇತು, ಒಂದು ಕುಲುಮೆ, ಪೆಟ್ಟಿಗೆ ತುಂಬ ಅರಗಳು. ನಾನು ಅಳ್ನಾವರದವನು. ಹುಬ್ಬಳ್ಳಿಯಲ್ಲಿ ಉಸ್ತಾದರೊಬ್ಬರ ಕೈಕೆಳಗೆ ಕೆಲಸ ಕಲಿತು, ಟ್ರ್ಯಾಕ್ಟರುಗಳು ಹೆಚ್ಚುತ್ತಿದ್ದ ಕಾಲದಲ್ಲಿ ಈ ಎರೆ ಭೂಮಿಗೆ ಬಂದೆ. ಇಲ್ಲಿ ನನಗೆ ಹೊಲವಿರಲಿಲ್ಲ, ಬಳಗವಿರಲಿಲ್ಲ. ಮದುವೆಯ ಮಾತು ಎರಡು ಕಡೆ ನಡೆಯಿತು. ಎರಡೂ ಕಡೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಊಟ ಖಾನಾವಳಿಯಲ್ಲಿ, ನಿದ್ದೆ ಶೆಡ್ಡಿನಲ್ಲಿ.

ಈ ಕೆಲಸದ ಒಂದು ಗುಟ್ಟನ್ನು ಯಾರೂ ನಿಮಗೆ ಹೇಳುವುದಿಲ್ಲ. ಮಷಿನ್ ಕೆಟ್ಟಾಗ ಜನ ಬರುತ್ತಾರೆ, ಸರಿಯಾದ ಕೂಡಲೇ ಹೋಗುತ್ತಾರೆ. ನೀನು ಒಳ್ಳೆಯ ಮಿಸ್ತ್ರಿಯಾದಷ್ಟೂ ಅವರು ಮತ್ತೆ ಬರುವುದು ತಡ. ಎಂಜಿನ್ ಆರಿಸಿದ ಮೇಲೆ ತಗಡಿನ ಶೆಡ್ಡಿನಲ್ಲಿ ಉಳಿಯುವ ಸದ್ದು ಗಾಳಿಯದೊಂದೇ. ಹೀಗಾಗಿ ಬಂದವರನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದಿಡಲು ನಾನು ಕಿತಾಪತಿ ಕಲಿತೆ. ಮೊರಬದ ಡ್ರೈವರನೊಬ್ಬನಿಗೆ ನಿನ್ನ ಟ್ರ್ಯಾಕ್ಟರಿಗೆ ನೆಗಡಿಯಾಗಿದೆ ಅಂದೆ. ಅವನು ನಂಬಿ, ಮುಂಭಾಗಕ್ಕೆ ತನ್ನ ಕಂಬಳಿ ಹೊದಿಸಿಕೊಂಡು ಊರ ತನಕ ಓಡಿಸಿದ. ಯಾರ ದನಿಯನ್ನಾದರೂ ಅವರಂತೆಯೇ ತೆಗೆಯುವುದು ನನಗೆ ಬರುತ್ತಿತ್ತು. ಗಂಡನ ದನಿಯಲ್ಲಿ ಹೆಂಡತಿಯನ್ನು ಕೂಗಿ, ಸಾಹುಕಾರನ ದನಿಯಲ್ಲಿ ಆಳನ್ನು ಕೂಗಿ, ಗೋಡೆಯ ಹಿಂದೆ ಕೂತು ನಗುತ್ತಿದ್ದೆ. ಆದರೆ ನನ್ನ ಹೆಸರು ಊರೂರಿಗೆ ಮುಟ್ಟಿಸಿದ್ದು ಮ್ಯಾಗ್ನೆಟೋ. ಹಳೆ ಎಂಜಿನ್ನಿನಲ್ಲಿ ಕಿಡಿ ಹುಟ್ಟಿಸುವ ಸಾಮಾನು ಅದು. ಅದಕ್ಕೊಂದು ಹಿಡಿಕೆ, ಎರಡು ತಂತಿ ಜೋಡಿಸಿ ಇಟ್ಟಿದ್ದೆ. ಬಂದವರಿಗೆ "ಇವೆರಡನ್ನು ಒಂದ ನಿಮಿಷ ಹಿಡೀರಿ" ಅನ್ನುವುದು, ಹಿಡಿಕೆ ತಿರುವುವುದು. ಅವರು ಎಗರಿ ಬೀಳುವುದನ್ನು ನೋಡುವುದು.

ಫಕ್ಕೀರಪ್ಪ ಬಂದದ್ದು ಎಂಬತ್ತರ ದಶಕದ ಒಂದು ಹಿಂಗಾರಿ ಹಂಗಾಮಿನಲ್ಲಿ. ಮಳೆ ಬಿಟ್ಟಿತ್ತು, ಹೊಲಗಳು ಹಸಿಯಾಗಿದ್ದವು, ಎಲ್ಲರೂ ಬಿಳಿಜೋಳ ಬಿತ್ತುವ ಗಡಿಬಿಡಿಯಲ್ಲಿದ್ದರು. ಮೈತುಂಬ ಕಂಬಳಿ ಹೊದ್ದು ಬಾಗಿಲಲ್ಲಿ ನಿಂತ ಅವನಿಗೂ ನಾನು ತಂತಿ ಚಾಚಿದೆ.

"ಎರಡೂ ಕೈಲೆ ಹಿಡೀರಿ ಯಜಮಾನ್ರ."

ಅವನು ನಿಧಾನವಾಗಿ ಕಂಬಳಿ ಸರಿಸಿದ. ಎಡಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ.

"ಒಂದ ಐತ್ರಿ ಮಿಸ್ತ್ರಿ. ನಡೀತೈತೇನ ನೋಡ್ರಿ."

ಗಾಬರಿಯಲ್ಲಿ ನಾನೇ ಎರಡೂ ತಂತಿಗಳನ್ನು ಹಿಂದಕ್ಕೆ ಎಳೆದು ಹಿಡಿದುಕೊಂಡೆ. ಹಿಡಿಕೆ ಅವನ ಕಡೆ ಇತ್ತು. ಅದನ್ನು ತಿರುವಲು ಒಂದೇ ಕೈ ಸಾಕು. ತಿರುವಿದ. ನಾನು ಕುಲುಮೆಯ ತನಕ ಹಾರಿದೆ.

"ಹೆಸರು ಕೇಳಿದ್ದೆ, ಇವತ್ತ ನೋಡಿದಂಗಾತು," ಅಂದ. ನಗಲಿಲ್ಲ ಕೂಡ. ಆ ಹೊತ್ತಿನಿಂದ ಅವನು ನನಗೆ ಸರಿಸಮಾನ ಆಳು.

ಅವನ ಕೈ ಹೋದದ್ದು ರಾಶಿ ಮಾಡುವ ಮಷಿನ್ನಿನಲ್ಲಿ. ಗೊತ್ತಾಗಿದ್ದ ಹೆಣ್ಣಿನ ಮನೆಯವರು ಹಿಂದೆ ಸರಿದರು. ಒಂದು ಕೈಯಲ್ಲಿ ಎತ್ತಿನ ಹಗ್ಗ ಹಿಡಿದರೆ ಬಿತ್ತುವ ಕೂರಿಗೆ ಹಿಡಿಯಲು ಇನ್ನೊಂದು ಕೈ ಬೇಕಲ್ಲ. ಹಿರಿಯಣ್ಣ ಈರಪ್ಪ ಅವನ ಪಾಲಿನ ಹೊಲವನ್ನೂ ತಾನೇ ಉತ್ತು ಬಿತ್ತುತ್ತಿದ್ದ, ಬಂದ ಕಾಳಿನಲ್ಲಿ ಭಾಗ ಕೊಡುತ್ತಿದ್ದ. ಮೋಸವೇನೂ ಇರಲಿಲ್ಲ. ಆದರೆ ಫಕ್ಕೀರಪ್ಪ ತನ್ನ ಹೊಲಕ್ಕೆ ತಾನೇ ನೆಂಟನಾಗಿದ್ದ. ಅದಕ್ಕೆ ಯಾರೋ ಹಣ್ಣಿನ ತೋಟದವರು ಗಿಡಗಳ ಸಾಲಿನಲ್ಲಿ ಓಡಾಡಿಸಲು ಇಟ್ಟುಕೊಂಡಿದ್ದ ಸಣ್ಣ ಟ್ರ್ಯಾಕ್ಟರನ್ನು ಹಳೆ ಸಾಮಾನಿನ ಬೆಲೆಗೆ ಕೊಂಡು ತಂದ. ಅದರ ಎತ್ತರ ನನ್ನ ಎದೆಯ ತನಕ. ಊರವರು ಮರಿ ಟ್ರ್ಯಾಕ್ಟರ್ ಅಂದರು. ಅಣ್ಣನೂ ಒಂದು ಅವಕಾಶ ಕೊಟ್ಟ.

"ಅಮಾಸಿ ಒಳಗ ಬಿತ್ತು ಅಂದಾನ," ಫಕ್ಕೀರಪ್ಪ ಹೇಳಿದ. "ಬಿತ್ತಿದ್ರ ಹೊಲ ನನ್ನ ಕೈಯಾಗ. ಇಲ್ಲಾಂದ್ರ ಅಂವ ಎತ್ತು ಹೂಡತಾನ, ಮುಂದ ನಾ ಹೊಲದ ಹೆಸರ ಎತ್ತೂಹಂಗಿಲ್ಲ. ಈ ಮರಿ ನೋಡಿದ್ರ ನಿಂತಲ್ಲೇ ಗಾಲಿ ತಿರಗಸ್ತೈತಿ. ಒಂದ ಗಾಲಿ ಗರಗರ, ಇನ್ನೊಂದು ಮಲಗೇತಿ."

ಹಸಿ ಎರೆ ಮಣ್ಣಿನಲ್ಲಿ ಅದು ಆಗುವುದೇ. ಟ್ರ್ಯಾಕ್ಟರ್ ತಿರುಗುವಾಗ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಹೋಗಬೇಕು. ಅದಕ್ಕಾಗಿ ಹಿಂದಿನ ಎರಡು ಗಾಲಿಗಳ ನಡುವೆ ಡಿಫರೆನ್ಶಿಯಲ್ ಅನ್ನುವ ಹಲ್ಲುಗಾಲಿಗಳ ಡಬ್ಬಿ ಇರುತ್ತದೆ. ಎರಡೂ ಗಾಲಿಗಳು ಬೇರೆ ಬೇರೆ ವೇಗದಲ್ಲಿ ಓಡುವಂತೆ ಅದು ಬಿಟ್ಟುಕೊಡುತ್ತದೆ. ಒಣ ನೆಲದಲ್ಲಿ ಅದೇ ವರ. ಕೆಸರಿನಲ್ಲಿ ಒಂದು ಗಾಲಿ ಜಾರಿತೆಂದರೆ ಅದೊಂದೇ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಗಾಲಿ ಸುಮ್ಮನೆ ನಿಲ್ಲುತ್ತದೆ. ಇದನ್ನು ಅವನಿಗೆ ಹೀಗೆ ಹೇಳಿದೆ:

"ನೊಗದಾಗ ಎರಡು ಎತ್ತು ಅದಾವ ಅಂತ ತಿಳಕೋರಿ. ಒಂದು ದುಡಿಯೂದು, ಒಂದು ಮೈಗಳ್ಳ. ನಿಮ್ಮ ಟ್ರ್ಯಾಕ್ಟರ್ ಏನ ಮಾಡತೈತಿ ಅಂದ್ರ, ಇದ್ದ ಮೇವೆಲ್ಲಾ ಒಯ್ದು ಮೈಗಳ್ಳನ ಮುಂದ ಸುರೀತೈತಿ."

"ಹಂಗಾರ ನಮ್ಮ ಮನಿಯಾಗಿನ ಲೆಕ್ಕನ ಇದಕ್ಕೂ ಐತಿ ಅನ್ರಿ. ಉಪಾಯ?"

"ಎರಡೂ ಎತ್ತಿನ ಕುತ್ತಿಗಿ ಕೂಡಿಸಿ ಕಟ್ಟೂದು. ನಾ ಕಟ್ಟತೀನಿ."

ದೊಡ್ಡ ಟ್ರ್ಯಾಕ್ಟರುಗಳಲ್ಲಿ ಕಂಪನಿಯವರೇ ಇಂಥ ಲಾಕು ಕೂರಿಸಿ, ತುಳಿಯಲು ಒಂದು ಪೆಡಲ್ ಕೊಡುತ್ತಿದ್ದರು. ಈ ಮರಿಗೆ ಅದ್ಯಾವುದೂ ಇರಲಿಲ್ಲ. ಡಬ್ಬಿಯೊಳಗಿನ ಹಲ್ಲುಗಳನ್ನು ಒಂದಕ್ಕೊಂದು ವೆಲ್ಡ್ ಮಾಡಿಬಿಡು ಅಂತ ಬಸ್ ಸ್ಟ್ಯಾಂಡಿನ ಮಿಸ್ತ್ರಿಗಳು ಬುದ್ಧಿ ಹೇಳಿದರು. ಹಾಗೆ ಮಾಡಿದರೆ ಟ್ರ್ಯಾಕ್ಟರ್ ನೆಟ್ಟಗೆ ಹೋಗುತ್ತದೆ, ತಿರುಗುವುದಿಲ್ಲ. ಒತ್ತಾಯ ಮಾಡಿ ತಿರುಗಿಸಿದರೆ ಎಕ್ಸೆಲ್ ಮುರಿಯುತ್ತದೆ. ಬೇಕಾದಾಗ ಕೂಡಿಸಿ ಬೇಡವಾದಾಗ ಬಿಡಿಸುವಂಥದ್ದು ಬೇಕಿತ್ತು.

ಹಳೆ ಲಾರಿಯ ಗೇರ್ ಬಾಕ್ಸಿನ ಒಂದು ಉಂಗುರ ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿತು. ಅದನ್ನು ಎಕ್ಸೆಲ್ಲಿನ ಮೇಲೆ ಜಾರುವಂತೆ ಕೊರೆದೆ. ಉಂಗುರದ ಅಂಚಿನಲ್ಲಿ ದಪ್ಪ ಹಲ್ಲುಗಳನ್ನು ಅರದಿಂದ ಉಜ್ಜಿ ಉಜ್ಜಿ ತೆಗೆದೆ, ಡಿಫರೆನ್ಶಿಯಲ್ ಡಬ್ಬಿಯ ಗೋಡೆಯಲ್ಲಿ ಆ ಹಲ್ಲು ಕೂರುವ ಗುಂಡಿಗಳನ್ನು ಮಾಡಿದೆ. ಉಂಗುರ ಸರಿದು ಹಲ್ಲು ಗುಂಡಿಗೆ ಬಿದ್ದರೆ ಎಕ್ಸೆಲ್ಲೂ ಡಬ್ಬಿಯೂ ಒಂದೇ. ಆಗ ಎರಡೂ ಗಾಲಿಗಳು ಕೂಡಿಯೇ ತಿರುಗಬೇಕು. ಕೆಂಪಗೆ ಕಾಯಿಸಿ ಸುಟ್ಟೆಣ್ಣೆಯಲ್ಲಿ ಅದ್ದಿ ಹದ ಕೊಟ್ಟೆ. ಸರಿಸಲು ಸೀಟಿನ ಪಕ್ಕ ಒಂದು ಲಿವರ್ ಕೂರಿಸಿದೆ.

ಮೆರೆಯುವುದಕ್ಕೆ ಅದರ ನಕಾಶೆ ಹುಬ್ಬಳ್ಳಿಗೆ ಒಯ್ದು ಉಸ್ತಾದರಿಗೆ ತೋರಿಸಿದೆ. ಅವರ ಕಣ್ಣಿಗೆ ಪೊರೆ ಬಂದಿತ್ತು. ಬಾಯಲ್ಲೇ ಹೇಳು ಅಂದರು. ಹೇಳಿದೆ.

"ಕೂಡಸೂದು ಯಾರಾದ್ರೂ ಕೂಡಸ್ತಾರ ಬೇ," ಅಂದರು. "ಬಿಡಸೂದು ಎದರಾಗ ಇಟ್ಟಿ, ಅದನ್ನ ಹೇಳು."

"ಲಿವರ್ ಐತಲ್ರಿ."

"ಹ್ಞೂಂ," ಅಂದು ಚಹಾ ಕುಡಿದರು. ನಾನದನ್ನು ಶಭಾಷ್ ಅಂತ ತಿಳಿದು ಸಿಳ್ಳೆ ಹಾಕುತ್ತ ಬಸ್ ಹತ್ತಿದೆ.

ಹೊಲದಲ್ಲಿ ಮೊದಲ ಸಾಲು. ಟ್ರ್ಯಾಕ್ಟರಿನ ಹಿಂದೆ ಕೂರಿಗೆ. ಅದನ್ನು ಎತ್ತಲು ಇಳಿಸಲು ಉದ್ದನೆಯ ಹಿಡಿಕೆ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ಹಿಂದೆ ನಡೆಯಲು ಕೂಲಿಗೆ ಬಂದಿದ್ದ ಯಲ್ಲವ್ವ. ಗಾಲಿ ಜಾರುವಲ್ಲಿ ಫಕ್ಕೀರಪ್ಪ ಲಾಕಿನ ಲಿವರ್ ಎಳೆದ. ಮಲಗಿದ್ದ ಗಾಲಿ ಎದ್ದಿತು. ಮರಿ ಟ್ರ್ಯಾಕ್ಟರ್ ಕೆಸರು ಸೀಳಿಕೊಂಡು ನಡೆಯಿತು. ನಾನು ಬದುವಿನ ಮೇಲೆ ನಿಂತು ಟವೆಲ್ ಬೀಸಿದೆ, ಲಾವಣಿಯಂತೆ ನನ್ನ ಹೆಸರು ನಾನೇ ಹಾಡಿಕೊಂಡೆ.

ಸಾಲಿನ ತುದಿ ಬಂತು. ಈಗ ಕೂರಿಗೆ ಎತ್ತಬೇಕು, ಲಾಕು ಬಿಡಿಸಬೇಕು, ಸ್ಟೇರಿಂಗ್ ತಿರುವಬೇಕು. ಮೂರು ಕೆಲಸ, ಒಂದು ಕೈ, ಎದುರಿಗೆ ಬದು. ನೆಟ್ಟಗೆ ಹೋಗುವಾಗ ಮೊಂಡುಗೈಯಿಂದ ಸ್ಟೇರಿಂಗ್ ಒತ್ತಿ ಹಿಡಿಯುತ್ತಿದ್ದನೇ ಹೊರತು ತಿರುವಲು ಬಲಗೈಯೇ ಬೇಕು. ಕೂರಿಗೆ ಎತ್ತಿದ, ಲಿವರಿಗೆ ಕೈ ಹಾಕುವಷ್ಟರಲ್ಲಿ ಟ್ರ್ಯಾಕ್ಟರ್ ಬದು ಹತ್ತಿತ್ತು. ಲಾಕು ಬಿದ್ದ ಟ್ರ್ಯಾಕ್ಟರ್ ಅಡ್ಡ ಹೊರಳಲು ಒಪ್ಪಲಿಲ್ಲ. ನೆಟ್ಟಗೆ ಆಚೆಯ ಹೊಲಕ್ಕೆ ಇಳಿದು, ಆಗಷ್ಟೇ ಮೊಳೆತಿದ್ದ ಜೋಳದ ಸಾಲುಗಳನ್ನು ತುಳಿದುಕೊಂಡು ಹೋಗಿ ನಿಂತಿತು. ಆ ಹೊಲ ಈರಪ್ಪನದು.

ಈರಪ್ಪ ಬಂದ. ಬೈಯಲಿಲ್ಲ. ತುಳಿದ ಸಸಿಗಳನ್ನು ನೋಡಿದ, ತಮ್ಮನ ಮೊಂಡುಗೈ ನೋಡಿದ.

"ಸುಮ್ಮ ಮನ್ಯಾಗ ಕೂತು ಉಣ್ಣಪಾ," ಅಂದ. "ನಾ ಏನ ನಿನಗ ಕಾಳ ಕೊಡಾಂಗಿಲ್ಲಂದೀನ?"

ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು. ಫಕ್ಕೀರಪ್ಪ ನನ್ನ ಕಡೆ ತಿರುಗಲೂ ಇಲ್ಲ. ಯಲ್ಲವ್ವ ಮಾತ್ರ ಉಡಿಯ ಕಾಳು ಸರಿಮಾಡಿಕೊಳ್ಳುತ್ತ, "ಮಿಸ್ತ್ರಿ, ಮಷಿನ್ ಚಲೋ ಮಾಡೀರಿ. ತುದಿ ಇರಲಾರದ ಹೊಲ ಒಂದ ಮಾಡಿ ಕೊಟ್ಟಬಿಡ್ರಿ ಇವರಿಗೆ," ಅಂದಳು.

ಮರುದಿನ ಅವನು ಶೆಡ್ಡಿಗೆ ಬರಲಿಲ್ಲ. ಆಚೆ ದಿನವೂ ಇಲ್ಲ. ಬಿತ್ತುವ ಹಂಗಾಮಿನಲ್ಲಿ ಬೇರೆ ಯಾರೂ ಬರುವುದಿಲ್ಲ. ನಾನು ಸ್ಟೂಲಿನ ಮೇಲೆ ಕೂತು ರಸ್ತೆ ನೋಡಿದೆ. ಈರಪ್ಪನ ದನಿ ತೆಗೆದು "ಸುಮ್ಮ ಕೂತು ಉಣ್ಣಪಾ" ಅಂತ ಅಂದುಕೊಂಡೆ. ಯಾವ ದನಿ ತೆಗೆದರೂ ನನಗೆ ನಗು ಬರುತ್ತಿತ್ತು, ಅದಕ್ಕೆ ಬರಲಿಲ್ಲ. ಮಧ್ಯಾಹ್ನ ಸೈಕಲ್ ಹತ್ತಿ ಅವನ ಹೊಲಕ್ಕೆ ಹೋದೆ.

ಫಕ್ಕೀರಪ್ಪ ಒಬ್ಬನೇ ಇದ್ದ. ಲಾಕು ಹಾಕದೆ, ಕಾಳಿಲ್ಲದ ಕೂರಿಗೆ ಕಟ್ಟಿಕೊಂಡು, ಹೊಲದ ಒಣಗಿದ ಅಂಚಿನಲ್ಲಿ ಹೋಗಿ ಬರುವುದು, ತಿರುಗುವುದು. ಅಭ್ಯಾಸ ಮಾಡುತ್ತಿದ್ದ. ನಾನು ಬದುವಿನ ಮೇಲೆ ಕೂತು ಅವನ ಕೈಯನ್ನೇ ನೋಡಿದೆ. ಬದು ಹತ್ತಿರ ಬಂದಾಗಲೆಲ್ಲ ಅವನು ಯೋಚನೆ ಮಾಡದೆಯೇ ಕೈ ತಾನಾಗಿ ಹಿಂದಕ್ಕೆ ಹೋಗಿ ಕೂರಿಗೆ ಎತ್ತುತ್ತಿತ್ತು. ಎತ್ತಿನ ಹಿಂದೆ ನಡೆದ ಕಾಲದಿಂದ ಬಂದದ್ದು ಅದು. ಈ ಸೀಮೆಯ ಒಕ್ಕಲುತನದವನಿಗೆ ಮಿಕ್ಕದ್ದೆಲ್ಲ ಮರೆತೀತು, ತುದಿಯಲ್ಲಿ ಕೂರಿಗೆ ಎತ್ತುವುದು ಮರೆಯದು. ನೆಲದಲ್ಲಿಟ್ಟು ತಿರುಗಿಸಿದರೆ ಕೂರಿಗೆಯ ಕಾಲು ಮುರಿಯುತ್ತದೆ.

"ಲೇ ಫಕ್ಕೀರ್ಯಾ! ಟ್ರ್ಯಾಕ್ಟರ್ ನಿಂದರಸು!"

"ಯಾಕಲೇ? ಉಳದ ಕೈನೂ ತಗೀತೀಯೇನ?"

ನಾವು ರಿ ಬಿಟ್ಟು ಲೇ ಹಿಡಿದದ್ದು ಅವತ್ತು.

ಬಿಡಿಸುವುದನ್ನು ಲಿವರಿನಲ್ಲಿ ಇಡಬಾರದು, ಅವನು ಹೇಗೂ ಮಾಡುವ ಕೆಲಸದಲ್ಲಿ ಇಡಬೇಕು. ಸೀಟಿನ ಪಕ್ಕದ ಲಿವರನ್ನು ಕೊಯ್ದು ಎಸೆದೆ. ಕೂರಿಗೆ ಎತ್ತುವ ಹಿಡಿಕೆಯಿಂದ ಲಾಕಿನ ಉಂಗುರಕ್ಕೆ ಒಂದು ಸರಳು ಕೂಡಿಸಿದೆ. ಕೂರಿಗೆ ನೆಲಕ್ಕಿಳಿದರೆ ಸ್ಪ್ರಿಂಗು ಉಂಗುರವನ್ನು ತಳ್ಳಿ ಲಾಕು ಕೂರಬೇಕು. ಕೂರಿಗೆ ಎತ್ತಿದರೆ ಸರಳು ಅದನ್ನು ಹಿಂದಕ್ಕೆಳೆದು ಲಾಕು ಬಿಡಬೇಕು. ಆಗ ಕೈಗೆ ಎರಡೇ ಕೆಲಸ: ಎತ್ತು, ತಿರುಗಿಸು.

ಮೊದಲ ಸಲ ಬಿಡಲಿಲ್ಲ. ಎಳೆತದ ಭಾರದಲ್ಲಿ ಹಲ್ಲು ಗುಂಡಿಯಲ್ಲಿ ಕಚ್ಚಿ ಹಿಡಿದಿತ್ತು. ಬಿಚ್ಚಿ ಹೊರಗೆ ತೆಗೆದು, ಕಾಯಿಸಿ ಹದ ಇಳಿಸಿ, ಹಲ್ಲುಗಳ ಎರಡೂ ಬದಿಗೆ ಅರದಿಂದ ತುಸು ಇಳಿಜಾರು ಕೊಟ್ಟೆ. ಹೆಚ್ಚಾದರೆ ತಾನೇ ಜಾರಿ ಬರುತ್ತದೆ, ಕಡಿಮೆಯಾದರೆ ಕಚ್ಚುತ್ತದೆ. ಉಜ್ಜುವುದು, ಜೋಡಿಸುವುದು, ಓಡಿಸುವುದು, ಮತ್ತೆ ಬಿಚ್ಚುವುದು. ಫಕ್ಕೀರಪ್ಪ ಬಾಜೂಕ ಕೂತು ಆಕಾಶ ನೋಡುತ್ತಿದ್ದ. ಅಮಾವಾಸ್ಯೆ ಹತ್ತಿರವಾಗಿತ್ತು, ಬಿಸಿಲಿಗೆ ಹೊಲದ ಹಸಿ ಇಳಿಯುತ್ತಿತ್ತು. ಕೊನೆಗೊಮ್ಮೆ, ಮತ್ತೆ ಹದ ಕೊಟ್ಟು ಕೂರಿಸಿ ಹಿಡಿಕೆ ಎತ್ತಿದಾಗ, ಒಳಗೆ 'ಟಕ್' ಅಂದಿತು. ಮರಿ ಟ್ರ್ಯಾಕ್ಟರ್ ಕರುವಿನಂತೆ ಹೊರಳಿ ನಿಂತಿತು.

ಅವನೇ ಬಿತ್ತಿದ. ಮೊದಮೊದಲ ಸಾಲುಗಳು ಹಾವು ಹರಿದಂತೆ ಸೊಟ್ಟ. ಯಲ್ಲವ್ವ ಹಿಂದಿನಿಂದ, "ಜೋಳಕ್ಕ ಹಾದಿ ತಪ್ಪೀತ್ರೀ ಯಪ್ಪಾ," ಅನ್ನುತ್ತಿದ್ದಳು. ಪ್ರತಿ ತುದಿಯಲ್ಲೂ ಟಕ್, ಪ್ರತಿ ಹೊಸ ಸಾಲಿನಲ್ಲೂ ಟಕ್. ಅಮಾವಾಸ್ಯೆಯ ಬೆಳಿಗ್ಗೆ ಈರಪ್ಪ ಹೇಳಿದಂತೆ ಎತ್ತು ಹೊಡೆದುಕೊಂಡು ಬದುವಿಗೆ ಬಂದ. ಬಿತ್ತದೆ ಉಳಿದದ್ದು ಅಂಚಿನ ಒಂದು ತುಂಡು ಮಾತ್ರ.

ಫಕ್ಕೀರಪ್ಪ ಟ್ರ್ಯಾಕ್ಟರ್ ನಿಲ್ಲಿಸದೆ ಕೂಗಿದ: "ಅಣ್ಣಾ, ಎತ್ತ ತಂದೀಯಲಾ? ಬಾ, ಹಿಂದ ಕಟ್ಟೂಣು. ಅವೂ ಒಂದೀಟು ಕಲೀಲಿ!"

ಈರಪ್ಪ ಬಿತ್ತಿದ ಸಾಲುಗಳ ಮೇಲೆ ಕಣ್ಣಾಡಿಸಿದ. ಆಮೇಲೆ ಎತ್ತುಗಳನ್ನು ತಿರುಗಿಸಿಕೊಂಡು ಹೋದ. ಹೊಲ ಫಕ್ಕೀರಪ್ಪನ ಕೈಯಲ್ಲಿ ಉಳಿಯಿತು.

ಮುಂದಿನದನ್ನು ನೀವೇ ಊಹಿಸಬಹುದು. ಮಷಿನ್ ಚೆನ್ನಾಗಿ ಓಡಿತು, ಹೀಗಾಗಿ ಅವನೂ ಬರಲಿಲ್ಲ. ನನ್ನ ಕೆಲಸದ ಗುಣಕ್ಕೆ ಸಿಕ್ಕ ಬಹುಮಾನ ಅದೇ.

ಎಳ್ಳ ಅಮಾವಾಸ್ಯೆ ಬಂತು. ಆ ದಿನ ಈ ಸೀಮೆಯಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಅಡುಗೆ ಕಟ್ಟಿಕೊಂಡು ಹೋಗಿ ಬೆಳೆದು ನಿಂತ ಪೈರಿನ ಸುತ್ತ ಅನ್ನ ಚೆಲ್ಲುತ್ತಾರೆ. ಚರಗ ಚೆಲ್ಲುವುದು ಅನ್ನುತ್ತಾರೆ. ಆಮೇಲೆ ಅಲ್ಲೇ ಎಲ್ಲರೂ ಕೂತು ಉಣ್ಣುತ್ತಾರೆ. ಬೆಳಿಗ್ಗೆ ನನ್ನ ಶೆಡ್ಡಿನ ಮುಂದೆ ಬಂಡಿಗಳು ಸಾಲುಹಿಡಿದು ಹೋಗುತ್ತವೆ, ಎಲ್ಲರೂ ಕೈ ಬೀಸುತ್ತಾರೆ, ಆಮೇಲೆ ರಸ್ತೆ ಖಾಲಿ. ಹೊಲವಿಲ್ಲದವನಿಗೆ ಆ ದಿನದಷ್ಟು ಉದ್ದದ ದಿನ ವರ್ಷದಲ್ಲಿ ಇನ್ನೊಂದಿಲ್ಲ. ಪ್ರತಿ ವರ್ಷ ಅವತ್ತು ನಾನು ಬೇಕಂತಲೇ ಯಾವುದಾದರೂ ಎಂಜಿನ್ ಬಿಚ್ಚಿ ಹಾಕಿಕೊಂಡು ಕೂರುತ್ತಿದ್ದೆ.

ಆ ವರ್ಷ ಮರಿ ಟ್ರ್ಯಾಕ್ಟರ್ ಬಂದು ಬಾಗಿಲಲ್ಲಿ ನಿಂತಿತು.

"ಏನ ಕೆಟ್ಟೈತಲೇ?" ಅಂದೆ.

"ಏನೂ ಕೆಟ್ಟಿಲ್ಲ. ಒಂದ ಕೈಲೆ ಬುಟ್ಟಿ ಹಿಡಿದ್ರ ಚರಗ ಚೆಲ್ಲೂದು ಹೆಂಗ? ಬುಟ್ಟಿ ಹಿಡ್ಯಾಕ ಒಬ್ಬ ಬೇಕು. ಕೈ ತೊಳಕೊಂಡು ಏರು."

ಅಡುಗೆ ಖಾನಾವಳಿಯದು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಅನ್ನ. ಖಾನಾವಳಿಯ ಬುತ್ತಿಯಿಂದ ಭೂಮಿತಾಯಿಗೆ ಚರಗ ಚೆಲ್ಲಿದವರು ನಾವಿಬ್ಬರೇ ಇರಬೇಕು. ಜೋಳ ಸೊಂಟದ ಮೇಲೆ ಬಂದಿತ್ತು. ಬೆಳೆದ ಮೇಲೆ ಸಾಲಿನ ಸೊಟ್ಟು ಕಾಣುತ್ತಿರಲಿಲ್ಲ. ನಾನು ಬುಟ್ಟಿ ಹಿಡಿದು ಹಿಂದೆ, ಅವನು ಚೆಲ್ಲುತ್ತ ಮುಂದೆ.

"ಹುಲ್ಲುಲಿಗ್ಯೋ!" ಅಂತ ಚರಗ ಚೆಲ್ಲುವವರ ಕೂಗು ಹಾಕಿದ. ಗಂಟಲು ಒಡೆದ ತಮಟೆಯಂಥದು. ನಾನು ಸುಮ್ಮನೆ ನಡೆದೆ. ಅವನು ನಿಂತ.

"ಹಿಂದಿನಾವ ಸಲಾಂಬ್ರಿಗ್ಯೋ ಅನಬೇಕಲೇ. ಸುಮ್ಮ ಇದ್ರ ಹೊಲ ಏನ ತಿಳಕೋತೈತಿ? ಇಂವ ಒಬ್ಬನ ಬಂದಾನ ಅಂತ ತಿಳಕೋತೈತಿ."

"ಹೊಲಕ್ಕ ಏನ ತಿಳೀತೈತೋ?"

"ನಿನ್ನ ಕಬ್ಬಣಕ್ಕ ತಿಳೀತೈತಿ ಅಂತಿ, ನನ್ನ ಹೊಲಕ್ಕ ತಿಳಿಯಾಂಗಿಲ್ಲನ? ಅನ್ನು."

ಅಂದೆ. ಹೊಲದ ಸುತ್ತ ಅವನು ಕೂಗಿದಾಗಲೆಲ್ಲ ಅಂದೆ. ಆಮೇಲಿನ ಪ್ರತಿ ವರ್ಷವೂ ಅಂದೆ. ಎಳ್ಳ ಅಮಾವಾಸ್ಯೆಗೆ ನಾನು ಎಂಜಿನ್ ಬಿಚ್ಚುವುದನ್ನು ಬಿಟ್ಟೆ.

ನಿಮ್ಮ ಕಾಲಕ್ಕೆ ಇದೆಲ್ಲ ತಮಾಷೆ ಅನ್ನಿಸಬಹುದು. ಈಗಿನ ಸಣ್ಣ ಟ್ರ್ಯಾಕ್ಟರಿಗೂ ಲಾಕು ಕಾರ್ಖಾನೆಯಿಂದಲೇ ಬರುತ್ತದೆ, ಬಿತ್ತುವ ಡಬ್ಬಿ ತಾನೇ ಕಾಳು ಬಿಡುತ್ತದೆ. ಎಂಜಿನ್ನಿಗೆ ಕಿವಿ ಹಚ್ಚಿ ಕೇಳುವವರಿಲ್ಲ. ಅದಕ್ಕೆ ನನ್ನ ದೂರಿಲ್ಲ. ಮಷಿನ್ ನೋಡುವ ಮೊದಲು ಅದನ್ನು ಓಡಿಸುವವನ ಕೈ ನೋಡಿ, ಅಷ್ಟು ಸಾಕು.

ಫಕ್ಕೀರಪ್ಪ ತೀರಿಕೊಂಡ ಮೇಲೆ ಈರಪ್ಪ ಆ ಟ್ರ್ಯಾಕ್ಟರನ್ನು ಎಳೆಸಿಕೊಂಡು ನನ್ನಲ್ಲಿಗೆ ಬಂದ. ತಲೆ ಪೂರಾ ಬೆಳ್ಳಗಾಗಿತ್ತು.

"ಇದರಾಗ ನೀವು ಏನೋ ಕೂಡ್ಸೀರಂತಲ್ರಿ, ಅದನ್ನ ತಗದಬಿಡ್ರಿ. ಕೊಳ್ಳಾವ್ರು ಕಂಪನಿ ಹೆಂಗ ಮಾಡೇತಿ ಹಂಗ ಬೇಕಂತಾರ," ಅಂದ. ಹೊರಡುವಾಗ ತಿರುಗಿ, "ಕಡೀತನಕಾ ಒಬ್ಬನ ಬಿತ್ತಿದಾ ನೋಡ್ರಿ," ಅಂದ.

ಉಂಗುರ ಹೊರಗೆ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದೆ. ಹಲ್ಲುಗಳ ಒಂದು ಬದಿ, ಮುಂದಕ್ಕೆ ಎಳೆಯುವಾಗ ಭಾರ ಬೀಳುವ ಬದಿ, ಕನ್ನಡಿಯಂತೆ ನುಣ್ಣಗಾಗಿತ್ತು. ಇನ್ನೊಂದು ಬದಿಯಲ್ಲಿ ನನ್ನ ಅರದ ಗೆರೆಗಳು ನಿನ್ನೆ ಎಳೆದಂತೆ ಹಾಗೇ ಇದ್ದವು. ಅವನ ಕೆಲಸವೂ ನನ್ನ ಕೆಲಸವೂ ಒಂದೇ ಹಲ್ಲಿನ ಎರಡು ಬದಿ. ಅದನ್ನು ಗುಜರಿಗೆ ಹಾಕಲಿಲ್ಲ. ಶೆಡ್ಡಿನ ಬಾಗಿಲು ಗಾಳಿಗೆ ಹೊಡೆದುಕೊಳ್ಳದಂತೆ ಅಡ್ಡ ಇಟ್ಟೆ; ಈಗಲೂ ಅಲ್ಲಿದೆ.

ಅದರ ಮುಂದಿನ ಎಳ್ಳ ಅಮಾವಾಸ್ಯೆಗೆ ಬಂಡಿಗಳು ಹೋದವು, ಕೈ ಬೀಸಿದವರು ಬೀಸಿದರು, ರಸ್ತೆ ಖಾಲಿಯಾಯಿತು. ಬಿಚ್ಚಲು ಎಂಜಿನ್ ಇಟ್ಟುಕೊಂಡಿರಲಿಲ್ಲ, ಅಭ್ಯಾಸ ತಪ್ಪಿಹೋಗಿತ್ತು. ಖಾನಾವಳಿಯಿಂದ ತಂದ ಅನ್ನವನ್ನು ಬುಟ್ಟಿಯಲ್ಲಿ ಹಾಕಿಕೊಂಡು ಶೆಡ್ಡಿನ ಹಿಂದೆ ಯಾರದೋ ಹೊಲದ ಬದುವಿನ ಮೇಲೆ ನಿಂತೆ. ನ್ಯಾಯವಾಗಿ ಅದು ಬೇರೆಯವರ ಹೊಲ, ಆದರೆ ಕಿತಾಪತಿಗೆ ಬದು ಯಾವತ್ತೂ ಅಡ್ಡ ಬಂದಿಲ್ಲ. ಗಂಟಲು ಸರಿಮಾಡಿಕೊಂಡು ಫಕ್ಕೀರಪ್ಪನ ಒಡೆದ ತಮಟೆಯ ದನಿ ತೆಗೆದೆ. ಅಗದಿ ಅವನದೇ. ಅವನಿದ್ದಿದ್ದರೆ ಅವನೇ ಬೆಚ್ಚಿಬೀಳುತ್ತಿದ್ದ.

"ಹುಲ್ಲುಲಿಗ್ಯೋ!"

ನವಲಗುಂದದ ಬಸ್ಸು ಹೋಗುತ್ತಿತ್ತು. ಕಿಟಕಿಯವರೆಲ್ಲ ತಿರುಗಿ ನೋಡಿದರು. ನೋಡಲಿ. ಹೊಲ ತಪ್ಪು ತಿಳಿದುಕೊಳ್ಳುವ ಮೊದಲೇ, ಬುಟ್ಟಿ ಎತ್ತಿ ಹಿಡಿದು, ನನ್ನ ದನಿಯಲ್ಲಿ ನಾನು "ಸಲಾಂಬ್ರಿಗ್ಯೋ" ಅಂದೆ.